ಮಂಜಣ್ಣನ ಮೊಣಕೈ

ಸ್ವೀಡನ್ನಿನ ನಾರ್‌ಶೋಪಿಂಗ್‌ನ ನನ್ನ ಬಾಡಿಗೆ ಮನೆಯ ಬಾಗಿಲ ಪಕ್ಕದ ಕೊಕ್ಕೆಯಲ್ಲಿ, ಚಳಿಗಾಲದ ಜಾಕೆಟ್ಟುಗಳ ನಡುವೆ, ಒಂದು ಎಡಗೈ ಗ್ಲೌಸು ನೇತಾಡುತ್ತಿದೆ. ಒಂದೇ. ಬಲಗೈಯದು ಕಳೆದುಹೋಗಿಲ್ಲ, ಅದು ಇರಲೇ ಇಲ್ಲ. ಚಪ್ಪಲಿ ಹೊಲಿಯುವವರು ಯಾರೋ ಮನಸ್ಸು ಬದಲಾಯಿಸಿ ಕೈಗೊಂದು ಚಪ್ಪಲಿ ಹೊಲಿದರೆ ಹೇಗಿರುತ್ತದೋ ಹಾಗಿದೆ ಅದು. ಅದರ ಹೊಟ್ಟೆಯೊಳಗೆ ನನ್ನ ಮನೆಯ ಬೀಗದ ಕೈ, ಬಸ್ಸಿನ ಕಾರ್ಡು, ಬುಟ್ಟಿಯಲ್ಲಿ ಹಿಡಿಸದ ಎರಡು ಈರುಳ್ಳಿ ವಾಸವಾಗಿವೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ತುಮಕೂರಿನಿಂದ ಅಮ್ಮನ ಕಣ್ಣು ನೇರವಾಗಿ ಅದರ ಮೇಲೆಯೇ ಬಿತ್ತು.

“ಏನೇ ಅದು, ಒಂದೇ ಇದೆ? ಅಲ್ಲಿ ಚಳಿ ಒಂದೇ ಕೈಗೆ ಆಗತ್ತಾ?”

“ಬೇಸ್‌ಬಾಲ್ ಗ್ಲೌಸಮ್ಮ.”

“ಅದೇನಾಟ?”

“ಕ್ರಿಕೆಟ್ ಥರ.”

“ಕ್ರಿಕೆಟ್ ಥರ ಅಂದ್ರೆ ಕ್ರಿಕೆಟ್ಟೇ ಆಡ್ಬೋದಿತ್ತಲ್ಲ. ಓದಕ್ಕೆ ಅಂತ ಹೋದೆ, ಸರಿ. ಕೆಲಸ ಸಿಕ್ತು, ಸರಿ. ಇದ್ಯಾಕೆ?”

ಯಾವ ಪ್ರಶ್ನೆಗೂ ಮೂರು ಅಂಶಗಳಲ್ಲಿ ಉತ್ತರ ಕೊಡುವುದು ನನ್ನ ಅಭ್ಯಾಸ. ಅಮ್ಮನಿಗೂ ಮೂರು ಕೊಟ್ಟೆ: ವ್ಯಾಯಾಮ, ಸ್ನೇಹಿತರು, ಸ್ಥಳೀಯರ ಜೊತೆ ಬೆರೆಯುವುದು. ಮೂರೂ ಸುಳ್ಳು. ನಿಮಗಾದರೆ ನಿಜ ಹೇಳಬಹುದು. ಆ ಗ್ಲೌಸು ಅಲ್ಲಿ ನೇತಾಡುವುದಕ್ಕೆ ಕಾರಣ ನನ್ನ ಬಾಯಿ.

ಈ ಬಾಯಿಗೆ ತರಬೇತಿ ಸಿಕ್ಕಿದ್ದು ಏಳನೇ ಕ್ಲಾಸಿನಲ್ಲಿ. ಚರ್ಚಾಸ್ಪರ್ಧೆಗೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ನಿಮ್ಮ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. “ವಿಜ್ಞಾನ ವರವೋ ಶಾಪವೋ” ಎಂಬ ವಿಷಯದ ಮೇಲೆ ಒಂದೇ ವಾರದಲ್ಲಿ ತುಮಕೂರಿನಲ್ಲಿ ವರ ಎಂದೆ, ತಿಪಟೂರಿನಲ್ಲಿ ಶಾಪ ಎಂದೆ, ಎರಡೂ ಕಡೆ ಮೊದಲ ಬಹುಮಾನ. ವಿಜ್ಞಾನಕ್ಕೆ ಏನೂ ಆಗಲಿಲ್ಲ. ನಮ್ಮ ಅಡುಗೆಮನೆಗೆ ಎರಡು ಸ್ಟೀಲ್ ಡಬ್ಬಿ ಬಂದವು. ನಮ್ಮನ್ನು ತಯಾರು ಮಾಡುತ್ತಿದ್ದ ವಸಂತಾ ಮಿಸ್ ಒಂದೇ ಮಂತ್ರ ಹೇಳಿಕೊಟ್ಟಿದ್ದರು: “ಸುಮ್ನೆ ನಿಂತ್ಯೋ, ಎದುರು ಪಾರ್ಟಿಗೆ ಮಾರ್ಕ್ಸ್ ಕೊಟ್ಟಂಗೆ.” ಆವತ್ತಿನಿಂದ ನಾನು ಯಾರಿಗೂ ಪುಕ್ಕಟೆ ಮಾರ್ಕ್ಸ್ ಕೊಟ್ಟವಳಲ್ಲ. ಮನೆಯ ಸತ್ಯನಾರಾಯಣ ಪೂಜೆಯಲ್ಲಿ, “ಕಥೆಯೊಳಗಿನ ಸಾಧು ವ್ಯಾಪಾರಿ ಕೇಳಿದ ಕಥೆ ಯಾವುದು?” ಎಂದು ಪುರೋಹಿತರನ್ನು ಹಿಡಿದುಕೊಂಡೆ. ಅವರು ಪ್ರಸಾದ ಬೇಗ ಹಂಚಿಬಿಟ್ಟರು. ಅಜ್ಜಿ ಆಮೇಲೆ ಹೇಳುತ್ತಿದ್ದರು, “ಇವಳ ಬಾಯಿಗೆ ಸಿಕ್ಕ ಮಾತು ಜೀವಂತ ವಾಪಸ್ ಬರಲ್ಲ.”

ನಮ್ಮ ಬೀದಿಯ ಹುಡುಗರೂ ಈ ಪ್ರತಿಭೆಯನ್ನು ಗುರುತಿಸಿದ್ದರು. ನನಗೆ ಬ್ಯಾಟು ಹಿಡಿಯಲು ಬರುತ್ತಿರಲಿಲ್ಲ, ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದೆ. ಆದರೆ ಔಟಾದವನು ಯಾವನೂ ನನ್ನ ಜೊತೆ ವಾದ ಮಾಡಿ ಗೆಲ್ಲುವಂತಿರಲಿಲ್ಲವಾದ್ದರಿಂದ ನನ್ನನ್ನೇ ಅಂಪೈರ್ ಮಾಡಿದರು. ಮೂಲೆಮನೆ ಶ್ರೀಕಂಠ ಬೌಲಿಂಗ್ ಮಾಡುವಾಗ ತೋಳು ಬೀಸುವ ಬದಲು ಮೊಣಕೈ ಮಡಚಿ ಬಿಚ್ಚಿ ಎಸೆಯುತ್ತಾನೆ ಎಂದು ನನಗೆ ಅನ್ನಿಸಿತು. “ಥ್ರೋ!” ಎಂದೆ, ಒಂದು ಕೈ ಅಡ್ಡಲಾಗಿ ಚಾಚಿದೆ, ನೋಬಾಲ್. ಒಂದೇ ಓವರಿನಲ್ಲಿ ಐದು ಸಲ ಚಾಚಿದೆ. ಅವನು ಅಳುತ್ತಾ ಮನೆಗೆ ಹೋದ. ಚೆಂಡು ಅವನದೇ ಆಗಿದ್ದರಿಂದ ಆಟವೂ ಅವನ ಜೊತೆ ಹೋಯಿತು. ನ್ಯಾಯ ಮಾತ್ರ ನನ್ನ ಹತ್ತಿರ ಉಳಿಯಿತು. ನಾನೊಬ್ಬಳೇ, ಖಾಲಿ ಬೀದಿಯಲ್ಲಿ, ನ್ಯಾಯವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ.

ಇಂಥವಳನ್ನು ಸ್ವೀಡನ್ನಿನ ಸಭೆಗೆ ಕರೆದುಕೊಂಡು ಹೋಗಬಾರದಿತ್ತು. ಸಾಗಣೆ ಕಂಪನಿಯಲ್ಲಿ ನನ್ನ ಪಕ್ಕದ ಟೇಬಲ್ಲಿನ ಯೋನಾಸ್ ಕರೆದುಕೊಂಡು ಹೋದ. “ಭಾನುವಾರ ನಮ್ಮ ಬೇಸ್‌ಬಾಲ್ ಕ್ಲಬ್ಬಿನ ವಾರ್ಷಿಕ ಸಭೆ. ಬಂದು ಸುಮ್ಮನೆ ಕೂತರೆ ಸಾಕು, ಫಿಕಾ ಇರುತ್ತೆ,” ಎಂದ. ಫಿಕಾ ಎಂದರೆ ಕಾಫಿ, ಕಾಫಿಗೆ ಜೊತೆಯಾಗಿ ದಾಲ್ಚಿನ್ನಿ ಬನ್ನು, ಎರಡಕ್ಕೂ ಜೊತೆಯಾಗಿ ಮೌನ. ಬನ್ನಿನ ಆಸೆಗೆ ಹೋದೆ. ಸುಮ್ಮನೆ ಕೂರುವುದು ಎಂಬ ಷರತ್ತಿನ ಕಡೆ ನನ್ನ ಗಮನ ಹೋಗಲಿಲ್ಲ.

ಮೈದಾನದ ಅಂಚಿನ ಕೆಂಪು ಮರದ ಶೆಡ್ಡಿನಲ್ಲಿ ಏಳು ಜನ ಕೂತಿದ್ದರು. ಅಧ್ಯಕ್ಷೆ ಬಿರ್ಗಿತ್ತಾ, ಅರವತ್ತೆಂಟರ ಹೆಂಗಸು, ನಿವೃತ್ತ ಬಸ್ ಡ್ರೈವರ್, ಕೈಯಲ್ಲೊಂದು ಪುಟ್ಟ ಮರದ ಸುತ್ತಿಗೆ. ಒಂದೊಂದೇ ವಿಷಯ ಓದುವುದು, “ಯಾರಿಗಾದರೂ ಏನಾದರೂ ಹೇಳುವುದಿದೆಯೇ?” ಎನ್ನುವುದು, ಯಾರೂ ಹೇಳದಿರುವುದು, ಸುತ್ತಿಗೆ ಕುಟ್ಟುವುದು. ಎಂಟು ವಿಷಯ ಹೀಗೆ ಮುಗಿದವು. ಒಂಬತ್ತನೆಯದು, ಕ್ಲಬ್ಬನ್ನು ಮುಚ್ಚುವುದು.

“ಯಾರಿಗಾದರೂ ಏನಾದರೂ ಹೇಳುವುದಿದೆಯೇ?”

ಮೌನ. ಸ್ವೀಡನ್ನಿನವರಿಗೆ ಮೌನವೆಂದರೆ ಹಳೆಯ ಸೋಫಾ, ಆರಾಮಾಗಿ ಕೂತುಬಿಡುತ್ತಾರೆ. ನನಗೆ ವಸಂತಾ ಮಿಸ್ ಕಣ್ಣ ಮುಂದೆ ಬಂದರು. ಸುತ್ತಿಗೆ ಮೇಲೇಳುವುದಕ್ಕೂ ನಾನು ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಜೀವಮಾನದಲ್ಲಿ ಒಂದು ಬೇಸ್‌ಬಾಲ್ ಪಂದ್ಯವನ್ನೂ ನೋಡದವಳು ನಾಲ್ಕು ನಿಮಿಷ ಮಾತಾಡಿದೆ. ಮುಚ್ಚುವುದು ಸುಲಭ, ತೆರೆಯುವುದು ಕಷ್ಟ ಎಂದೆ. ಸೋಲುವ ತಂಡ ಊರಿನ ಆಸ್ತಿ, ಗೆಲ್ಲುವವರು ಎಲ್ಲಾ ಊರಲ್ಲೂ ಇರುತ್ತಾರೆ ಎಂದೆ. ಆಟಗಾರರಿಲ್ಲ ಎನ್ನುವುದು ಕಾರಣವಲ್ಲ, ನೆಪ ಎಂದೆ. ಚೀಟಿಯಲ್ಲಿ “ಮುಚ್ಚಬೇಕು” ಎಂದು ಬಂದಿದ್ದರೆ ಅದಕ್ಕೂ ನಾಲ್ಕು ನಿಮಿಷ ಸಿದ್ಧವಿತ್ತು ಎನ್ನುವುದು ಆ ಪಾಪದವರಿಗೆ ಗೊತ್ತಿರಲಿಲ್ಲ.

ಬಿರ್ಗಿತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. “ಚೆನ್ನಾಗಿ ಹೇಳಿದೆ. ಹಾಗಾದರೆ ಆಟಗಾರರನ್ನು ಹುಡುಕುವ ಕೆಲಸ ನಿನ್ನದು. ಯಾರಿಗಾದರೂ ಏನಾದರೂ ಹೇಳುವುದಿದೆಯೇ?” ಮೌನ. ಸುತ್ತಿಗೆ.

ನನ್ನ ಇಪ್ಪತ್ತಾರು ವರ್ಷದ ಅನುಭವದಲ್ಲಿ ಚರ್ಚೆಯಾದ ಮೇಲೆ ಟೀ, ಬಿಸ್ಕತ್ತು ಕೊಡುತ್ತಾರೆ. ಹೇಳಿದ್ದನ್ನು ಮಾಡು ಎಂದು ಯಾರೂ ಹೇಳಿದ್ದಿಲ್ಲ.

ಆಮೇಲೆ ಲೋಟ ತೊಳೆಯುವಾಗ ಪರಿಸ್ಥಿತಿ ತಿಳಿಯಿತು. ಹಿಂದಿನ ವರ್ಷ ಒಂಬತ್ತು ಜನ ಸೇರದೆ ತಂಡ ಎರಡು ಪಂದ್ಯಗಳನ್ನು ಆಡದೆಯೇ ಬಿಟ್ಟುಕೊಟ್ಟಿತ್ತು. ಈ ವರ್ಷ ಇನ್ನೊಂದು ಹಾಗಾದರೆ ಸರಣಿಯಿಂದಲೇ ಹೆಸರು ಹೊಡೆಯುತ್ತಾರೆ. ತಂಡವಿಲ್ಲದಿದ್ದರೆ ಮೈದಾನ ನಾಯಿ ತರಬೇತಿ ಕ್ಲಬ್ಬಿಗೆ ಎಂದು ಕೊಮ್ಯೂನ್, ಅಂದರೆ ಇಲ್ಲಿಯ ಪುರಸಭೆ, ಪತ್ರ ಬರೆದಾಗಿತ್ತು. ನಾಯಿ ಕ್ಲಬ್ಬಿನವರು ಆಗಲೇ ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದರಂತೆ. ಅವರ ಸದಸ್ಯರು ನಮಗಿಂತ ಹೆಚ್ಚು, ನಾಯಿಗಳನ್ನು ಬಿಟ್ಟು ಎಣಿಸಿದರೂ.

“ಮೂವತ್ತು ವರ್ಷದಿಂದ ಈ ಮೈದಾನದ ಬಿಳಿ ಗೆರೆಗಳನ್ನು ನಾನೇ ಎಳೆಯುತ್ತಿದ್ದೇನೆ,” ಎಂದರು ಬಿರ್ಗಿತ್ತಾ, ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾ. “ನಾಯಿಗಳಿಗೆ ಗೆರೆ ಬೇಕಾಗುವುದಿಲ್ಲ.”

ಅಷ್ಟೇ ಹೇಳಿದ್ದು. ಒಂದೂ ಅಂಶವಿಲ್ಲ, ಆಧಾರವಿಲ್ಲ. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದೆ.

ಕೈಯಲ್ಲಿದ್ದದ್ದು ಆರು ಆಟಗಾರರು. ಅಮೆರಿಕದಲ್ಲಿ ಇದನ್ನು ಆಡುವವರು ವೃತ್ತಿಪರರಂತೆ. ನಮ್ಮವರಿಗೂ ವೃತ್ತಿಗಳಿದ್ದವು, ಒಬ್ಬ ಕೊಳಾಯಿ ರಿಪೇರಿಯವನು, ಒಬ್ಬ ಹಲ್ಲಿನ ಡಾಕ್ಟರು, ಹೀಗೆ. ಪಿಚರ್ ಇರಲಿಲ್ಲ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಓಡಿಬರುವುದಿಲ್ಲ, ಒಂದು ದಿಬ್ಬದ ಮೇಲೆ ನಿಂತಲ್ಲಿಂದಲೇ ಚೆಂಡನ್ನು ಎಸೆಯುತ್ತಾನೆ. ಇದ್ದೊಬ್ಬ ಪಿಚರ್ ಡೇಟಾ ಸೆಂಟರಿನ ಕೆಲಸ ಸಿಕ್ಕಿ ಉತ್ತರದ ಲುಲೆಯೊಗೆ ಹೋಗಿಬಿಟ್ಟಿದ್ದ. ಅಭ್ಯಾಸ ಮಂಗಳವಾರವೋ ಬುಧವಾರವೋ ಎಂದು ಎಲ್ಲರ ಅಭಿಪ್ರಾಯ ಕೇಳುವುದರಲ್ಲಿ ಎರಡು ವಾರ ಹೋಯಿತು. ಬುಧವಾರ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಬುಧವಾರ ಐವರಿಗೆ ಬರಲಾಗುವುದಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಮೊದಲೇ ಹೇಳಿದರೆ ಉಳಿದವರಿಗೆ ಬೇಜಾರಾಗಬಹುದೆಂದು ಸುಮ್ಮನಿದ್ದರಂತೆ.

ಇತ್ತ ನಾನು ಇಂಟರ್ನೆಟ್ಟಿನಲ್ಲಿ ಮೂಗು ಹುಗಿಸಿ ಒಂದು ಸಿದ್ಧಾಂತ ಕಟ್ಟಿದೆ. ಈ ಊರಿನ ಕನ್ನಡದವರೆಲ್ಲ ಭಾನುವಾರ ಜಲ್ಲಿ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾರೆ. ಅವರಲ್ಲಿ ಚೆನ್ನಾಗಿ ಆಡುವವರು ನಮಗೆ ಬೇಡ. ಕ್ರಿಕೆಟ್ಟು ಬೈದು ಹೊರಗಿಟ್ಟವರು ಬೇಕು! ಬಂದ ಚೆಂಡನ್ನೆಲ್ಲ ಕಣ್ಣು ಮುಚ್ಚಿ ಎತ್ತಿ ಬಾರಿಸುವವನಿಗೆ ಕ್ರಿಕೆಟ್ಟಿನಲ್ಲಿ ಉಗಿಯುತ್ತಾರೆ, ಬೇಸ್‌ಬಾಲಿನಲ್ಲಿ ಚಪ್ಪಾಳೆ ತಟ್ಟುತ್ತಾರೆ. ಕ್ರಿಕೆಟ್ಟಿನ ದೋಷವೇ ಬೇಸ್‌ಬಾಲಿನ ಗುಣ. ಇಷ್ಟು ಸರಳ ವಿಷಯ ಇಷ್ಟು ವರ್ಷ ಯಾರಿಗೂ ಹೊಳೆದಿಲ್ಲವಲ್ಲ ಎಂದು ಜಗತ್ತಿನ ಬಗ್ಗೆ ಕನಿಕರವಾಯಿತು.

ಐದು ಜನರನ್ನು ಹಿಡಿದೆ. ಮಂಡಿ ನೋವು ಎಂದವನಿಗೆ ಮಂಡಿಗೆ ಓಟವೇ ಮದ್ದು ಎಂದು ಸಾಧಿಸಿದೆ. ಸಮಯವಿಲ್ಲ ಎಂದವನಿಗೆ ಅವನು ವಾರಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತಾನೆಂದು ಅವನ ಮೊಬೈಲಿನಲ್ಲೇ ತೋರಿಸಿದೆ. ಐವರೂ ಸೋತರು, ಐವರೂ ಹೂಂ ಎಂದರು. ಮೊದಲ ಬುಧವಾರ ಮೈದಾನದಲ್ಲಿ ಇದ್ದದ್ದು ಯೋನಾಸ್, ಬಿರ್ಗಿತ್ತಾ, ನಾನು, ಮತ್ತು ನಾನು ಕರೆಯದೇ ಬಂದಿದ್ದ ಗೀತಕ್ಕ.

ಗೀತಕ್ಕ ಇಲ್ಲಿಯ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಾರೆ. ಧಾರವಾಡದ ಕಾಲೇಜಿನಲ್ಲಿ ಖೋ ಖೋ ಆಡಿದವರು. ನಮ್ಮ ಮಧ್ಯೆ ಬೆಂಗಳೂರಿನ ಕನ್ನಡ ಮಾತಾಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಧಾರವಾಡ ಹೊರಗೆ ಬರುತ್ತದೆ. “ದಿನಾ ಹದಿನೆಂಟು ಮಕ್ಕಳ ಹಿಂದೆ ಓಡ್ತೀನಿ, ಒಂದು ಚೆಂಡಿನ ಹಿಂದೆ ಓಡೋದೇನು ಮಹಾ,” ಎಂದು ಸ್ವೆಟರ್ ಕಳಚಿ ಸೊಂಟಕ್ಕೆ ಕಟ್ಟಿಕೊಂಡರು. ಒಂದು ಗೂಟದಿಂದ ಇನ್ನೊಂದಕ್ಕೆ ಓಡುವ ಅಭ್ಯಾಸ ಇದ್ದವರಿಗೆ ಬೇಸ್‌ಬಾಲಿನ ಓಟ ಹೇಳಿಕೊಡಬೇಕಾಗಿಲ್ಲ. ಯೋನಾಸ್ ಬಾಯಿ ತೆರೆದುಕೊಂಡು ನೋಡುತ್ತಿದ್ದ.

“ನಾನು ಕರೆದ ಐವರೂ ಬರ್ತೀನಿ ಅಂದಿದ್ರು ಗೀತಕ್ಕ. ಒಬ್ಬೊಬ್ಬರನ್ನೂ ಒಪ್ಪಿಸಿದ್ದೆ.”

“ಒಪ್ಪಿಸಿದ್ಯೋ, ಸೋಲಿಸಿದ್ಯೋ?”

“ಎರಡೂ ಒಂದೇ ಅಲ್ವಾ?”

ಗೀತಕ್ಕ ನನ್ನನ್ನು ಡಾಗಿಸ್‌ನ ಮಗುವನ್ನು ನೋಡುವಂತೆ ನೋಡಿದರು. “ಸೋತೋರು ಹೂಂ ಅಂತಾರೆ ಚೈತ್ರಾ. ಬರಲ್ಲ.”

ಆರು ಜನ, ಗೀತಕ್ಕ, ಗತ್ಯಂತರವಿಲ್ಲದೆ ನಾನು. ಎಂಟು. ಬಿರ್ಗಿತ್ತಾ ನನಗೆ ಶೆಡ್ಡಿನ ಪೆಟ್ಟಿಗೆಯಿಂದ ಹಳೆಯ ಎಡಗೈ ಗ್ಲೌಸು ತೆಗೆದುಕೊಟ್ಟು, ಚೆಂಡು ತೀರಾ ಅಪರೂಪಕ್ಕೆ ಬರುವ ಬಲಗಡೆಯ ದೂರದ ಮೂಲೆಯಲ್ಲಿ ನಿಲ್ಲಿಸಿದರು. ಬೇಕಾದದ್ದು ಒಂಬತ್ತನೆಯವರು, ಅದೂ ಪಿಚರ್. ಮೊದಲ ಪಂದ್ಯಕ್ಕೆ ಎರಡು ವಾರ ಇತ್ತು.

ಆಗ ಮಂಜಣ್ಣ ಕಣ್ಣಿಗೆ ಬಿದ್ದರು. ಮಂಜಣ್ಣ ಎಂದರೆ ಗೀತಕ್ಕನ ಗಂಡ, ಅರಸೀಕೆರೆಯವರು, ವಯಸ್ಸು ನಲವತ್ತರ ಮೇಲೆ, ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಕೆಲಸ. ಭಾನುವಾರದ ಕ್ರಿಕೆಟ್ಟಿಗೆ ತಪ್ಪದೆ ಬರುತ್ತಾರೆ, ಬೌಂಡರಿಯಲ್ಲಿ ನಿಲ್ಲುತ್ತಾರೆ, ಎಷ್ಟು ಕರೆದರೂ ಬೌಲಿಂಗ್ ಮಾಡುವುದಿಲ್ಲ. ಆ ಭಾನುವಾರ ಬೌಲಿಂಗ್ ಮಾಡುತ್ತಿದ್ದವನ ಮಗು ಅತ್ತು ಅವನು ಓವರಿನ ನಡುವೆ ಓಡಿಹೋದ. ಎರಡು ಚೆಂಡು ಬಾಕಿ. ಯಾರೋ ಮಂಜಣ್ಣನ ಕೈಗೆ ಚೆಂಡು ತುರುಕಿದರು. ಮೊದಲನೆಯದು ನೆಲಕ್ಕೆ ಬಿದ್ದು ಹಾವಿನ ಹಾಗೆ ತಿರುಗಿ ಪ್ಲಾಸ್ಟಿಕ್ ಸ್ಟಂಪನ್ನು ಎತ್ತಿ ಒಗೆಯಿತು. ನಾನು ಸ್ಕೋರ್ ಬರೆಯುತ್ತಿದ್ದವಳು ತಲೆಯೆತ್ತಿದೆ. ಆ ಮೊಣಕೈ! ಮಡಚಿತ್ತು! ಎರಡನೆಯ ಚೆಂಡನ್ನು ಮೊಬೈಲಿನಲ್ಲಿ ಹಿಡಿದೆ. ಕ್ರಿಕೆಟ್ಟಿನ ದೋಷ, ಬೇಸ್‌ಬಾಲಿನ ಗುಣ. ನನ್ನ ಸಿದ್ಧಾಂತಕ್ಕೆ ಕೈ ಕಾಲು ಬಂದು ಎದುರಿಗೆ ನಿಂತ ಹಾಗಿತ್ತು.

ಊಟಕ್ಕೆ ಎಲ್ಲರೂ ಹುಲ್ಲಿನ ಮೇಲೆ ಕೂತು ಪುಳಿಯೋಗರೆಯ ಡಬ್ಬಿ ಬಿಚ್ಚಿದಾಗ ನಾನು ಎದ್ದು ನಿಂತೆ. ಸಭೆ ಸಿಕ್ಕಿದರೆ ಬಿಡುವ ಜಾತಿಯೇ ನನ್ನದಲ್ಲ.

“ಮಂಜಣ್ಣ, ನೀವು ಥ್ರೋ ಹಾಕ್ತೀರ!”

“ಇಲ್ಲ,” ಎಂದರು ಮಂಜಣ್ಣ, ತುತ್ತು ಕೈಯಲ್ಲಿ.

“ನೋಡಿ, ಸ್ಲೋ ಮೋಷನ್ ಇದೆ. ಇಲ್ಲಿ ಮೊಣಕೈ ನೋಡಿ. ಎಲ್ಲರೂ ನೋಡಿ. ಇದು ಬೌಲಿಂಗಾ?”

ಮೊಬೈಲು ಕೈಯಿಂದ ಕೈಗೆ ಹೋಯಿತು. “ಹೌದಲ್ಲೋ,” “ಪಕ್ಕಾ ಥ್ರೋ ಗುರು,” “ಅದಕ್ಕೇ ಮಂಜಣ್ಣ ಬೌಲಿಂಗ್ ಹಾಕಲ್ಲ ಅನ್ನು,” ಎಂದು ನಗೆ. “ಒಂದು ನಿಮಿಷ, ನಾನು ಹೇಳೋದು...” ಎಂದು ಮಂಜಣ್ಣ ಶುರು ಮಾಡಿದರು. ಎದುರಾಳಿಗೆ ಉಸಿರಾಡಲು ಬಿಡಬಾರದು ಎನ್ನುವುದು ವಸಂತಾ ಮಿಸ್‌ರ ಎರಡನೆಯ ಮಂತ್ರ. “ನಾನು ಬೈತಿಲ್ಲ ಮಂಜಣ್ಣ, ಹೊಗಳ್ತಿದೀನಿ! ಮೊದಲನೇದು, ನೀವು ಥ್ರೋ ಹಾಕೋದು ಸಾಬೀತಾಗಿದೆ. ಎರಡನೇದು, ಕ್ರಿಕೆಟ್ಟಲ್ಲಿ ಅದು ತಪ್ಪು. ಮೂರನೇದು, ಬೇಸ್‌ಬಾಲಲ್ಲಿ ಅದೇ ಬೇಕು!”

ಪಿಕ್ನಿಕ್ಕು ಚಪ್ಪಾಳೆ ತಟ್ಟಿತು. ಮಂಜಣ್ಣ ತುತ್ತನ್ನು ಡಬ್ಬಿಗೇ ಹಾಕಿ, ಮುಚ್ಚಳ ಮುಚ್ಚಿ, ಬ್ಯಾಗು ಎತ್ತಿಕೊಂಡು ಟ್ರಾಮ್ ಸ್ಟಾಪಿನ ಕಡೆ ನಡೆದರು. ಗೀತಕ್ಕ ಹೊರಡುವ ಮುಂಚೆ ನನ್ನ ಹತ್ತಿರ ಬಂದರು. ಧಾರವಾಡ ಹೊರಗೆ ಬಂದಿತ್ತು.

“ಭಾಳ ಛಂದ್ ಮಾತಾಡಿದಿ. ನಾ ಬರ್ತೀನಿ ನಿನ್ನ ಟೀಮಿಗೆ, ಮಾತು ಕೊಟ್ಟೀನಿ. ಅವರದು ನೀನೇ ನೋಡ್ಕೋ.”

ಮುಂದಿನ ಹತ್ತು ದಿನದಲ್ಲಿ ನಾನು ಇನ್ನೂ ಮೂವರನ್ನು ಸೋಲಿಸಿದೆ. ಯಾರೂ ಬರಲಿಲ್ಲ. ದೂರದ ಉತ್ತರದ ಉಮೆಯೊದಲ್ಲಿ ಓದುತ್ತಿದ್ದ ಗೆಳತಿಯೊಬ್ಬಳಿಗೆ ಫೋನು ಮಾಡಿ ರೈಲು ಹತ್ತಿ ಬಾ ಎಂದೆ. “ನಿನಗೆ ಭೂಗೋಳ ಬರುತ್ತಾ?” ಎಂದು ಇಟ್ಟುಬಿಟ್ಟಳು. ಶನಿವಾರ ಪಂದ್ಯ. ಬುಧವಾರ ಮೈದಾನಕ್ಕೆ ಹೋದಾಗ ಬಿರ್ಗಿತ್ತಾ ಸುಣ್ಣದ ಪುಡಿಯ ಗಾಡಿ ತಳ್ಳುತ್ತಾ ಗೆರೆ ಎಳೆಯುತ್ತಿದ್ದರು, ಹಿಂದೆ ನೋಡದೆ, ದಾರ ಹಿಡಿಯದೆ, ನೇರವಾಗಿ. ಎಷ್ಟು ಜನ ಆದರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಗುರುವಾರ ಸಂಜೆ ಮಂಜಣ್ಣನ ಮನೆಗೆ ಹೋದೆ. ಟ್ರಾಮಿನಲ್ಲಿ ಪೂರ್ತಿ ಭಾಷಣ ತಯಾರು ಮಾಡಿಕೊಂಡಿದ್ದೆ. ಮಂಜಣ್ಣ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. ಗೀತಕ್ಕ ಕುರ್ಚಿ ತೋರಿಸಿ, ನೀರು ಕೊಟ್ಟು, ನಾಟಕ ನೋಡಲು ಕೂತವರಂತೆ ಕೂತರು. ನಾನು ಶುರು ಮಾಡಿದೆ. ಮಂಜಣ್ಣ ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಎದುರಾಳಿ ಹೀಗೆ ಸುಮ್ಮನಿದ್ದರೆ ನನಗೆ ಮಾರ್ಕ್ಸ್ ಬರಬೇಕಿತ್ತು. ಬರುತ್ತಿಲ್ಲ ಅನ್ನಿಸಿತು.

“ಮುಗೀತಾ?” ಎಂದರು ಕೊನೆಗೆ.

“ಇನ್ನೊಂದು ಅಂಶ ಇದೆ.”

“ಅದ್ನೂ ಹೇಳ್ಬಿಡು.”

ಹೇಳಿದೆ. ಅವರು ಚಾಕು ಕೆಳಗಿಟ್ಟು, ಅಂಗಿಯ ತೋಳು ಮಡಚಿಕೊಂಡು, ಬಲಗೈಯನ್ನು ಟೇಬಲ್ಲಿನ ಮೇಲೆ ಚಾಚಿದರು. ಚಾಚಿದರು ಎಂದೆ, ಆದರೆ ಕೈ ಪೂರ್ತಿ ಚಾಚಲಿಲ್ಲ. ಮೊಣಕೈಯ ಹತ್ತಿರ ಕುಡುಗೋಲಿನ ಹಾಗೆ ಬಾಗಿಕೊಂಡೇ ಉಳಿಯಿತು.

“ಎಳಿ,” ಎಂದರು.

“ಅಯ್ಯೋ ಬೇಡ ಮಂಜಣ್ಣ.”

“ಎಳಿ ಕಣಮ್ಮ, ಏನಾಗಲ್ಲ. ನೇರ ಮಾಡು ನೋಡಣ.”

ಮಣಿಕಟ್ಟು ಹಿಡಿದು ಮೆಲ್ಲಗೆ ಎಳೆದೆ. ಮರದ ಕೊಂಬೆ ಎಳೆದಂತಾಯಿತು.

“ನಾಕ್ನೇ ಕ್ಲಾಸಲ್ಲಿ ಹುಣಸೆ ಮರದಿಂದ ಬಿದ್ದಿದ್ದು. ಮೂಳೆ ಕಟ್ಟೋರು ಮೊಟ್ಟೆ ಬಿಳಿ ಹಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟಿದ್ರು. ಹಿಂಗೇ ಕೂಡ್ಕೊಂತು. ಮಡಚಿ ಬಿಚ್ಚಿದ್ರೆ ತಾನೆ ಥ್ರೋ? ಬಿಚ್ಚಕ್ಕೇ ಆಗ್ದಿರೋ ಕೈನ ನಾನು ಹೆಂಗಮ್ಮ ಬಿಚ್ಲಿ?”

ಹಿಡಿದಿದ್ದ ಮಣಿಕಟ್ಟನ್ನು ಮೆಲ್ಲಗೆ ಟೇಬಲ್ಲಿನ ಮೇಲೆ ಇಳಿಸಿದೆ.

“ಕಾಲೇಜು ಟೀಮಲ್ಲಿ ಇದ್ದೆ,” ಮಂಜಣ್ಣ ಮತ್ತೆ ಬೀನ್ಸಿಗೆ ಕೈ ಹಾಕಿದರು. “ಹಾಸನದಲ್ಲಿ ಮ್ಯಾಚು. ಒಂದೇ ಓವರಲ್ಲಿ ನಾಕು ಸಲ ಕೈ ಚಾಚ್ದ ಅಂಪೈರು. ಸುತ್ತ ಜನ ಓ ಅಂತ ಕೂಗ್ತಾವ್ರೆ. ಚೆಂಡು ಕೊಟ್ಟು ಬಂದ್ಬಿಟ್ಟೆ. ಆಮೇಲೆ ಮೊನ್ನೇನೆ ಹಾಕಿದ್ದು.”

“ಕೈ ಹೀಗಿದೆ ಅಂತ ಹೇಳಬೇಕಿತ್ತು ಮಂಜಣ್ಣ, ಆವಾಗ್ಲೇ.”

“ಯಾರು ಕೇಳಿದ್ರು? ಎಲ್ಲಾ ತೋರ್ಸೋರೇ.”

ಒಂದೇ ಓವರಿನಲ್ಲಿ ನಾಲ್ಕು. ನಮ್ಮ ಬೀದಿಯಲ್ಲಿ ನಾನು ಐದು ಕೊಟ್ಟಿದ್ದೆ. ಮೂಲೆಮನೆ ಶ್ರೀಕಂಠನ ಕೈ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ, ಬರೀ ಅವನ ಬೆನ್ನು ನೆನಪಾಯಿತು. ಲೋಟದ ನೀರು ಕುಡಿದೆ. ಖಾಲಿಯಾದ ಮೇಲೂ ಕುಡಿದೆ.

“ತಪ್ಪಾಯ್ತು,” ಎಂದೆ.

“ಇಲ್ಲಿ ಹೇಳಿದ್ರೆ ಆಗಲ್ಲ,” ಎಂದರು ಮಂಜಣ್ಣ. ಈಗ ಅವರ ದನಿ ಬದಲಾಯಿತು, ಆಫೀಸಿನ ದನಿ. “ತಪ್ಪಿದೆ ಅಂತ ಬಗ್ ರೈಸ್ ಮಾಡಿದ್ದು ನೀನು. ಎಲ್ಲರ ಮುಂದೆ, ವಿಡಿಯೋ ಅಟ್ಯಾಚ್ ಮಾಡಿ ರೈಸ್ ಮಾಡಿದೀಯ. ನೀನೇ ಕ್ಲೋಸ್ ಮಾಡ್ಬೇಕು. ಎಲ್ಲಿ ಮಾಡಿದ್ಯೋ ಅಲ್ಲೇ.”

ಕನ್ನಡದವರ ವಾಟ್ಸ್ಯಾಪ್ ಗ್ರೂಪಿಗೆ ನಾನು ಅಲ್ಲೇ ಕೂತು ಬರೆದೆ. ಮೊದಲ ಕರಡಿನಲ್ಲಿ “ವಿಡಿಯೋದ ಗುಣಮಟ್ಟದಿಂದಾಗಿ ಹಾಗೆ ಕಂಡಿರಬಹುದು” ಎಂದಿತ್ತು. ಮಂಜಣ್ಣ ಓದಿ ವಾಪಸು ಕೊಟ್ಟರು. “ವಿಡಿಯೋ ಚೆನ್ನಾಗೇ ಇತ್ತು. ನೋಡಿದೋರದು ತಪ್ಪು.” ಎರಡನೆಯದರಲ್ಲಿ “ನನ್ನ ಉದ್ದೇಶ ಒಳ್ಳೆಯದಿತ್ತು” ಎಂದಿತ್ತು. “ಉದ್ದೇಶದ ಕಾಲಮ್ಮು ನಮ್ ಫಾರ್ಮಲ್ಲಿಲ್ಲ,” ಎಂದರು. ಗೀತಕ್ಕ ಸೆರಗಿನಂತೆ ಅಡುಗೆಯ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮೂರನೆಯದು ಪಾಸಾಯಿತು: “ಮಂಜಣ್ಣ ಥ್ರೋ ಹಾಕುವುದಿಲ್ಲ. ಅವರ ಕೈ ಇರುವುದೇ ಹಾಗೆ. ನಾನು ಕೇಳದೆ ಹೇಳಿದೆ. ತಪ್ಪು ನನ್ನದು.” ಕಳಿಸಿದೆ. ಮೂರು ಅಂಶಗಳಿಲ್ಲದೆ ನಾನು ಬರೆದ ಮೊದಲ ಹೇಳಿಕೆ.

“ಈಗ ಕೇಳು,” ಎಂದರು ಮಂಜಣ್ಣ. “ನೀನು ಥ್ರೋ ಹಾಕೋನು ಬೇಕು ಅಂತ ಬಂದೆ. ನಾನು ಥ್ರೋ ಹಾಕೋನಲ್ಲ. ಹಂಗಿದ್ರೂ ಬರ್ಲಾ?”

ನನ್ನ ಸಿದ್ಧಾಂತ ಅಷ್ಟರಲ್ಲಿ ಬೀನ್ಸಿನ ತೊಟ್ಟುಗಳ ಜೊತೆ ಕಸದ ಬುಟ್ಟಿಯಲ್ಲಿತ್ತು.

“ಬನ್ನಿ,” ಎಂದೆ.

ಶುಕ್ರವಾರ ಸಂಜೆ ಒಂದು ಗಂಟೆ ಅಭ್ಯಾಸ. ಬಾಗಿದ ಕೈಯಿಂದ ಹೊರಟ ಚೆಂಡು ಬಾಗಿಯೇ ಹೋಗುತ್ತಿತ್ತು. ಹಿಡಿಯುವ ಕೆಲಸದ ಯೋನಾಸ್ ಮೊದಲ ಹತ್ತರಲ್ಲಿ ಆರನ್ನು ಬಿಟ್ಟ, ಒಂದನ್ನು ಹೊಟ್ಟೆಯಲ್ಲಿ ಹಿಡಿದ. ನಾನು ಅಷ್ಟೂ ನಿಯಮಗಳನ್ನು ಕನ್ನಡದಲ್ಲಿ ಪಟ್ಟಿ ಮಾಡಿ ಮಂಜಣ್ಣನಿಗೆ ಕೊಟ್ಟೆ. ಅವರು ಟೆಸ್ಟರ್ ತಾನೇ, ಪಟ್ಟಿಯಲ್ಲಿ ಎರಡು ಕಡೆ ಪರಸ್ಪರ ವಿರೋಧ ಹುಡುಕಿಕೊಟ್ಟರು. ಒಂದು ವಿಷಯ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಅಭ್ಯಾಸದಲ್ಲಿ ಅಂಪೈರ್ ಇರಲಿಲ್ಲ.

ಶನಿವಾರ ಮಧ್ಯಾಹ್ನ ಒಂದು ಗಂಟೆ. ಎದುರು ತಂಡದವರು ಸ್ಟಾಕ್‌ಹೋಮ್ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು, ಎಲ್ಲರ ಪ್ಯಾಂಟೂ ಒಂದೇ ಬಣ್ಣ. ಬೇಲಿಯ ಆಚೆ ನಾಯಿ ಕ್ಲಬ್ಬಿನ ಕಾರ್ಯದರ್ಶಿ ಒಂದು ದೊಡ್ಡ ಬೂದು ನಾಯಿಯ ಜೊತೆ ನಿಂತಿದ್ದ. ಸುಮ್ಮನೆ ವಾಕಿಂಗಿಗೆ ಬಂದದ್ದು ಎಂದ. ನಾಯಿ ಮಾತ್ರ ಮೈದಾನವನ್ನು ಸ್ವಂತದ್ದೆಂಬಂತೆ ನೋಡುತ್ತಿತ್ತು. ಬಿರ್ಗಿತ್ತಾ ನಮ್ಮನ್ನು ಎಣಿಸಿದರು. ಒಂಬತ್ತು. ಮತ್ತೆ ಎಣಿಸಿದರು. ಸ್ಕೋರ್ ಪುಸ್ತಕ ತೆಗೆದು ಒಂಬತ್ತು ಹೆಸರು ಬರೆಯುವಾಗ ಪೆನ್ಸಿಲನ್ನು ಒತ್ತಿ ಒತ್ತಿ ಬರೆದರು.

ಮಂಜಣ್ಣ ದಿಬ್ಬ ಹತ್ತಿದರು. ನಾನು ನನ್ನ ದೂರದ ಮೂಲೆಯಿಂದ ನೋಡುತ್ತಿದ್ದೆ. ಅವರು ಎಸೆದರು. ಚೆಂಡು ಎತ್ತಲೋ ಹೋಗುವಂತೆ ಹೊರಟು, ಮನಸ್ಸು ಬದಲಾಯಿಸಿ, ಒಳಗೆ ಬಂತು. ಬ್ಯಾಟು ಹಿಡಿದವನು ಬೀಸದೆ ನೋಡುತ್ತಾ ನಿಂತ. ಯೋನಾಸ್‌ನ ಗ್ಲೌಸಿನಲ್ಲಿ ಟಪ್ ಎಂದಿತು. ಅವನ ಬೆನ್ನ ಹಿಂದಿನ ಅಂಪೈರ್, ಬಿಳಿ ಗಡ್ಡದ ಗಂಭೀರ ಮನುಷ್ಯ, ಏನೋ ಕೂಗಿ, ಬಲಗೈಯನ್ನು ಭುಜದ ನೇರಕ್ಕೆ ಅಡ್ಡಲಾಗಿ ಚಾಚಿದ.

ಮಂಜಣ್ಣ ಆ ಕೈಯನ್ನು ನೋಡಿದರು. ಆಮೇಲೆ ಯೋನಾಸ್ ವಾಪಸು ಎಸೆದ ಚೆಂಡನ್ನು ಹಿಡಿದು, ಮೆಲ್ಲಗೆ ದಿಬ್ಬದ ಮೇಲಿಟ್ಟು, ತಲೆ ತಗ್ಗಿಸಿ, ಮೈದಾನದಿಂದ ಹೊರಗೆ ನಡೆಯತೊಡಗಿದರು.

ಯಾರಿಗೂ ಏನೂ ಅರ್ಥವಾಗಲಿಲ್ಲ. ಅಂಪೈರ್ ಕೈ ಇಳಿಸಿ ಯೋನಾಸ್‌ನನ್ನು ನೋಡಿದ, ಯೋನಾಸ್ ಬಿರ್ಗಿತ್ತಾರನ್ನು ನೋಡಿದ, ಬಿರ್ಗಿತ್ತಾರ ಪೆನ್ಸಿಲು ನಿಂತುಹೋಯಿತು. ಮಂಜಣ್ಣ ಗೆರೆ ದಾಟಿ ಮನೆಗೆ ಹೋದರೆ ನಾವು ಎಂಟು. ಬೇಲಿಯ ಆಚೆ ನಾಯಿ ಎದ್ದು ನಿಂತಿತು.

“ಏನ್ರೀ! ಎಲ್ಲಿಗೆ ಹೊಂಟ್ರಿ!” ಎಂದು ಗೀತಕ್ಕ ಕೂಗಿದ್ದು ಊರಿಗೆಲ್ಲ ಕೇಳಿಸಿರಬೇಕು. ಮಂಜಣ್ಣ ತಿರುಗಲಿಲ್ಲ.

ನಾನು ಓಡಿದೆ. ಬೇಸ್‌ಬಾಲಿನಲ್ಲಿ ನಾನು ಜೀವ ಬಿಟ್ಟು ಓಡಿದ್ದು ಅದೊಂದೇ ಸಲ. ಓಡುವಾಗ ಅಭ್ಯಾಸಬಲದಿಂದ ಅಂಶಗಳು ಸಾಲಾಗಿ ಬರುತ್ತಿದ್ದವು: ಎರಡು ಆಟಗಳ ಸಂಕೇತಗಳಲ್ಲಿನ ವ್ಯತ್ಯಾಸ, ಅದರ ಕಾರಣ, ಆದ್ದರಿಂದ. ಗೆರೆಯ ಹತ್ತಿರ ಅವರನ್ನು ತಲುಪಿದಾಗ ಉಸಿರು ಪೂರ್ತಿ ಖಾಲಿಯಾಗಿತ್ತು. ಅಂಶಗಳು ದಾರಿಯಲ್ಲೆಲ್ಲೋ ಬಿದ್ದುಹೋಗಿದ್ದವು.

“ಮಂಜಣ್ಣ... ಅದು... ಒಳ್ಳೇದು.”

“ಏನೊಳ್ಳೇದು? ಕೈ ಚಾಚ್ದ. ನೋಡ್ದೆ ನಾನು.”

“ಇಲ್ಲಿ... ಕೈ ಚಾಚಿದ್ರೆ... ಚೆನ್ನಾಗಿ ಹಾಕಿದೀರ ಅಂತ.”

ಮಂಜಣ್ಣನ ಒಂದು ಕಾಲು ಬಿರ್ಗಿತ್ತಾ ಎಳೆದ ಬಿಳಿ ಗೆರೆಯ ಮೇಲಿತ್ತು. ನನ್ನ ಮುಖ ನೋಡಿದರು. ನಂಬಿಕೆ ಬರುವಂಥ ಮುಖವಲ್ಲ ನನ್ನದು, ಎಲ್ಲದಕ್ಕೂ ಎರಡೂ ಕಡೆ ಮಾತಾಡಿದ ಮುಖ. ತಿರುಗಿ ಅಂಪೈರನ್ನು ನೋಡಿದರು.

“ಇನ್ನೊಂದ್ ಸಲ ತೋರ್ಸಕ್ಕೆ ಹೇಳು.”

ನಾನು ಯೋನಾಸ್‌ಗೆ ಹೇಳಿದೆ, ಯೋನಾಸ್ ಅಂಪೈರಿಗೆ ಹೇಳಿದ. ಬಿಳಿ ಗಡ್ಡದ ಮನುಷ್ಯ ಎರಡೂ ಹುಬ್ಬು ಮೇಲೆತ್ತಿದ. ಇಂಥ ಕೋರಿಕೆ ಅವನ ಜೀವಮಾನದಲ್ಲಿ ಬಂದಿರಲಾರದು. ಆದರೂ ಸ್ವೀಡನ್ನಿನವರು, ಯಾರಿಗೂ ಬೇಜಾರು ಮಾಡುವವರಲ್ಲ. ಟೊಪ್ಪಿ ಸರಿಮಾಡಿಕೊಂಡು, ಎದೆಯುಬ್ಬಿಸಿ, ಬಲಗೈಯನ್ನು ಮೊದಲಿಗಿಂತ ನೇರವಾಗಿ, ಮೊದಲಿಗಿಂತ ನಿಧಾನವಾಗಿ ಚಾಚಿ ತೋರಿಸಿದ. ಎದುರು ತಂಡದವರು, ಇದೇನೋ ನಮ್ಮ ಕಡೆಯ ಶಾಸ್ತ್ರವಿರಬೇಕೆಂದು ತಿಳಿದು, ಚಪ್ಪಾಳೆ ತಟ್ಟಿದರು. ಮಂಜಣ್ಣ ಆ ಕೈಯನ್ನು ಅದು ಕೆಳಗೆ ಇಳಿಯುವ ತನಕ ನೋಡಿದರು. ಆಮೇಲೆ ದಿಬ್ಬಕ್ಕೆ ವಾಪಸು ಹೋಗಿ ಚೆಂಡು ಎತ್ತಿಕೊಂಡರು.

ಪಂದ್ಯ ಏನಾಯಿತು ಎನ್ನುತ್ತೀರಾ? ಸೋತೆವು, ಹೀನಾಯವಾಗಿ. ಇಡೀ ಮಧ್ಯಾಹ್ನ ನನ್ನ ಮೂಲೆಗೆ ಒಂದೇ ಒಂದು ಚೆಂಡು ಬಂತು, ನಾನು ಕಣ್ಣು ಮುಚ್ಚಿದೆ. ಗೀತಕ್ಕ ಎರಡು ಸಲ ಎದುರು ಪಿಚರ್‌ನ ಕಣ್ಣು ತಪ್ಪಿಸಿ ಓಡಿ ಒಬ್ಬರೇ ಎರಡು ರನ್ ತಂದರು. ಆದರೆ ಸೋಲುವುದಕ್ಕೂ ಒಂಬತ್ತು ಜನ ಬೇಕು, ಆ ಒಂಬತ್ತು ಜನ ಕೊನೆಯ ತನಕ ಇದ್ದರು. ಬೇಸ್‌ಬಾಲಿನ ಒಂಬತ್ತು ಇನ್ನಿಂಗ್ಸಿನಲ್ಲಿ ಮೂರನೆಯದಕ್ಕೇ ನಾಯಿ ಆಕಳಿಸಿ, ಕಾರ್ಯದರ್ಶಿಯನ್ನು ಎಳೆದುಕೊಂಡು ಹೊರಟುಹೋಗಿತ್ತು. ಸಂಜೆ ಬಿರ್ಗಿತ್ತಾ ಅಳಿಸಿಹೋದ ಗೆರೆಗಳ ಮೇಲೆ ಮುಂದಿನ ಪಂದ್ಯಕ್ಕೆಂದು ಆಗಲೇ ಗಾಡಿ ತಳ್ಳುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆವತ್ತು ಮಂಜಣ್ಣನಿಗಾಗಿ ಅಂಪೈರ್ ಕೈ ಚಾಚಿದ್ದು ಬಿರ್ಗಿತ್ತಾರ ಪುಸ್ತಕದ ಪ್ರಕಾರ ಹನ್ನೊಂದು ಸಲ. ಮಂಜಣ್ಣ ಹನ್ನೆರಡು ಎನ್ನುತ್ತಾರೆ, ಮೊದಲನೆಯದನ್ನು ಎರಡು ಸಲ ತೋರಿಸಿದನಲ್ಲ. ಪುಳಿಯೋಗರೆ ಡಬ್ಬಿ ಬಿಚ್ಚಿದಾಗಲೆಲ್ಲ ಹನ್ನೆರಡರ ಕಥೆ ಹೇಳುತ್ತಾರೆ, ಹೇಳುವಾಗ ತಮ್ಮ ಆ ಬಾಗಿದ ಕೈಯನ್ನೇ ಆದಷ್ಟೂ ಅಡ್ಡಲಾಗಿ ಚಾಚಿ ತೋರಿಸುತ್ತಾರೆ, ಹೌದಲ್ವಾ ಎಂದು ನನ್ನ ಕಡೆ ತಿರುಗುತ್ತಾರೆ. ಹನ್ನೊಂದೇ ಎನ್ನುವುದಕ್ಕೆ ನನ್ನ ಹತ್ತಿರ ಮೂರು ಗಟ್ಟಿ ಅಂಶಗಳಿವೆ.

ಗ್ಲೌಸಿನೊಳಗೆ ಈರುಳ್ಳಿಯ ಜೊತೆ ಇಟ್ಟಿದ್ದೇನೆ.